ರೆಕ್ಕೆ ಬಲಿತ ಮೇಲೆ

ಹೊರನಾಡಿನಲ್ಲಿ ದುಡಿಯಬೇಕೆಂಬ ಹಂಬಲ ತಪ್ಪಲ್ಲ. 'ದೇಶ ಸುತ್ತು, ಕೋಶ ಓದು' ಎಂದು ನಮ್ಮ ಹಿರಿಯರೇ ಹೇಳಿದ್ದಾರೆ. ವಿಮಾನ ವಿದ್ಯೆಯನ್ನು ಕಲಿತ ತರುಣ ತರುಣಿಯರ ಕಣ್ಣು ವಿಮಾನಗಳನ್ನು ಕಟ್ಟುವ ಟುಲೂಸ್, ಹ್ಯಾಂಬರ್ಗ್, ಸಿಯಾಟಲ್ ನಗರಗಳತ್ತ ಹೊರಳುವುದು ಸಹಜ. ಆದರೆ ಪದವಿಪತ್ರ ಕೈಸೇರಿದ ಮರುದಿನವೇ ಅಲ್ಲಿ ಉದ್ಯೋಗ ಕಾದಿರುತ್ತದೆಂದು ನಂಬುವುದು ಸರಿಯಲ್ಲ. ಈ ವಿದ್ಯೆಯ ಮಟ್ಟಿಗೆ ಮೊದಲು ಕೋಶ, ಆಮೇಲೆ ದೇಶ ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಕಾರಣಗಳುಂಟು. ವಿಮಾನವು ಕೇವಲ ವಾಹನವಲ್ಲ. ದೇಶರಕ್ಷಣೆಯ ಸಾಧನವೂ ಹೌದು. ಆದುದರಿಂದ ಅದರ ರಹಸ್ಯಗಳನ್ನು ರಾಷ್ಟ್ರಗಳು ಜೋಪಾನವಾಗಿ ಕಾಯುತ್ತವೆ. ಅಮೆರಿಕದ ಕಾನೂನಿನಂತೆ ಯುದ್ಧವಿಮಾನ, ಕ್ಷಿಪಣಿ ಮೊದಲಾದವುಗಳ ತಾಂತ್ರಿಕ ವಿವರಗಳನ್ನು ಸರ್ಕಾರದ ಅನುಮತಿಯಿಲ್ಲದೆ ಪರದೇಶದವರಿಗೆ ತಿಳಿಸುವಂತಿಲ್ಲ. ಹೀಗಾಗಿ ಎಷ್ಟೇ ಬುದ್ಧಿವಂತನಾದರೂ ನಮ್ಮ ಹೊಸ ಪದವೀಧರನಿಗೆ ಅಲ್ಲಿ ಅನೇಕ ಬಾಗಿಲುಗಳು ಮುಚ್ಚಿರುತ್ತವೆ. ಅದು ಅವನ ಯೋಗ್ಯತೆಗೆ ಬಂದ ಕುಂದಲ್ಲ. ಆ ದೇಶದ ಎಚ್ಚರಿಕೆ.

ವಿಮಾನಗಳ ದುರಸ್ತಿಯ ಕೆಲಸದಲ್ಲಿ ಕಟ್ಟುಪಾಡು ಬೇರೊಂದು ಬಗೆಯದು. ವಿಮಾನವನ್ನು ಪರೀಕ್ಷಿಸಿ, ಅದು ಹಾರಾಟಕ್ಕೆ ಸಿದ್ಧವೆಂದು ಸಹಿ ಹಾಕುವ ಅಧಿಕಾರ ಪದವಿಯಿಂದ ಬರುವುದಿಲ್ಲ, ಪರವಾನಗಿಯಿಂದ ಬರುತ್ತದೆ. ನಮ್ಮಲ್ಲಿ ಅದನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಕೊಡುತ್ತದೆ. ಯೂರೋಪಿನ ಪರವಾನಗಿಯೇ ಬೇರೆ. ಅದಕ್ಕೆ ಪರೀಕ್ಷೆಗಳಲ್ಲಿ ತೇರ್ಗಡೆಯಾದರಷ್ಟೇ ಸಾಲದು. ಬಳಕೆಯಲ್ಲಿರುವ ವಿಮಾನಗಳ ಮೇಲೆ ಕೈಯಾರೆ ಕೆಲಸ ಮಾಡಿದ ಅನುಭವವೂ ಬೇಕು. ನೂರಾರು ಪ್ರಯಾಣಿಕರ ಪ್ರಾಣವು ಒಂದು ಸಹಿಯನ್ನು ನಂಬಿರುವಾಗ ಈ ಬಿಗಿ ನ್ಯಾಯವಾದದ್ದೇ ಅಲ್ಲವೇ?

ಇದನ್ನರಿಯದೆ ಹೊಲಮನೆಗಳನ್ನು ಒತ್ತೆಯಿಟ್ಟು ದಲ್ಲಾಳಿಗಳ ಕೈಗೆ ಹಣವನ್ನು ಸುರಿಯುವವರಿದ್ದಾರೆ. ಕೆಲಸ ಕೊಡುವವರು ಯಾರು, ಕೆಲಸ ಯಾವುದು, ವೀಸಾ ಯಾವ ಬಗೆಯದು ಎಂಬ ಮೂರು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ದೊರೆಯದಿದ್ದರೆ ಅಂತಹ ಭರವಸೆಯನ್ನು ನಂಬಬಾರದು. ಮಕ್ಕಳ ಆತುರಕ್ಕೆ ತಂದೆತಾಯಿಗಳು ಸಾಲ ತೀರಿಸುವಂತಾಗುವುದು ದುಃಖದ ಸಂಗತಿ.

ಹಾಗಾದರೆ ಮಾರ್ಗವಾವುದು? ಅದು ಮನೆಯ ಬಾಗಿಲಲ್ಲೇ ಇದೆ. 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭವಾಯಿತು. 1942ರಲ್ಲಿ ಅಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ವಿದ್ಯೆಯ ಬೋಧನೆ ತೊಡಗಿತು. ಇಂದು ಏರ್‌ಬಸ್, ಬೋಯಿಂಗ್ ಸಂಸ್ಥೆಗಳೇ ಆ ನಗರದಲ್ಲಿ ತಮ್ಮ ಎಂಜಿನಿಯರಿಂಗ್ ಕೇಂದ್ರಗಳನ್ನು ನಡೆಸುತ್ತಿವೆ. ಇಲ್ಲಿ ಕೆಲವು ವರ್ಷ ದುಡಿದು, ಒಂದು ವಿಷಯದಲ್ಲಿ ಆಳವಾಗಿ ಪಳಗಿ, ಫ್ರೆಂಚ್ ಇಲ್ಲವೆ ಜರ್ಮನ್ ಭಾಷೆಯನ್ನು ಕಲಿತವರ ಅರ್ಜಿಗೆ ತೂಕ ಹೆಚ್ಚು. ಅನುಕೂಲವುಳ್ಳವರು ಟುಲೂಸ್, ಡೆಲ್ಫ್ಟ್‌ನಂತಹ ವಿದ್ಯಾಕೇಂದ್ರಗಳಲ್ಲಿ ಉನ್ನತ ವ್ಯಾಸಂಗ ಮಾಡಿ ಅಲ್ಲಿಯೇ ಉದ್ಯೋಗವನ್ನು ಅರಸಬಹುದು.

'ತಾರುಣ್ಯ ಕಳೆದ ಮೇಲೆ ಹೋಗಿ ಫಲವೇನು?' ಎಂದು ಕೆಲವರು ಕೇಳಬಹುದು. ಜರ್ಮನಿಯ ಪ್ರಸಿದ್ಧ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದಾಗ ಅವರ ವಯಸ್ಸು ಅರವತ್ತನ್ನು ಸಮೀಪಿಸಿತ್ತು. ಅವರ ಮುಂದಾಳುತನದಲ್ಲಿ ರೂಪುಗೊಂಡ 'ಮಾರುತ' ಯುದ್ಧವಿಮಾನವು 1961ರಲ್ಲಿ ಮೊದಲ ಬಾರಿಗೆ ಹಾರಿತು. ಪರದೇಶವು ಅವರನ್ನು ಬರಮಾಡಿಕೊಂಡದ್ದು ವಯಸ್ಸನ್ನು ನೋಡಿ ಅಲ್ಲ, ನೈಪುಣ್ಯವನ್ನು ನೋಡಿ.

ಹೋದವರು ಹಿಂದಿರುಗಿದರೆ ನಾಡಿಗೂ ಲಾಭವುಂಟು. ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಕಲಿತು ಬಂದ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿಯೇ 1951ರಲ್ಲಿ ಎಚ್.ಟಿ.–2 ಎಂಬ ತರಬೇತಿ ವಿಮಾನವು ಬೆಂಗಳೂರಿನಲ್ಲಿ ಹಾರಿತು. ಹೋಗುವುದೂ ಮರಳುವುದೂ ಅವರವರ ಇಚ್ಛೆಗೆ ಬಿಟ್ಟದ್ದು. ಆದರೆ ಕೈಯಲ್ಲಿ ಕಸುಬು, ತಲೆಯಲ್ಲಿ ತಿಳಿವಳಿಕೆ ಇದ್ದವರನ್ನು ಯಾವ ನಾಡೂ ಸುಲಭವಾಗಿ ಕಳೆದುಕೊಳ್ಳಬಯಸದು.