ಸಿಂಡರೆಲಾ ಕಥೆ ಕೇಳುವ ರೋಬಾಟ್

ಮಕ್ಕಳೇ, ಕಥೆ ಹೇಳು ಎಂದು ಅಜ್ಜಿಯನ್ನು ಪೀಡಿಸುವವರು ನೀವು. 'ರಾಬಿ' ಕಥೆಯ ಗ್ಲೋರಿಯಾಳ ಮನೆಯಲ್ಲಿ ಎಲ್ಲ ತಿರುವುಮುರುವು. ಅಲ್ಲಿ ಅವಳೇ ತನ್ನ ರೋಬಾಟ್‌ಗೆ ಸಿಂಡರೆಲಾ ಕಥೆ ಹೇಳಬೇಕು. ಮಾತು ಬಾರದ ರಾಬಿ ಬೆರಳ ಸನ್ನೆಯಲ್ಲೇ ಅದನ್ನು ಮತ್ತೆ ಮತ್ತೆ ಕೇಳುತ್ತಾನೆ!

ಇದನ್ನು ಬರೆದಾಗ ಐಸಾಕ್ ಅಸಿಮೊವ್‌ಗೆ 19 ವರ್ಷ. ಅಪ್ಪನ ಮಿಠಾಯಿ ಅಂಗಡಿಯಲ್ಲಿ ಪತ್ರಿಕೆಗಳನ್ನು ಓದುತ್ತ ಬೆಳೆದ ಹುಡುಗ. ಕಥೆ ಅಚ್ಚಾದದ್ದು 1940ರಲ್ಲಿ. ಆಗೆಲ್ಲ ಕಥೆಗಳ ರೋಬಾಟ್ ಹೆಚ್ಚಾಗಿ ನಮ್ಮ ಭಸ್ಮಾಸುರನಂತೆ, ಶಕ್ತಿ ಕೊಟ್ಟವನ ಮೇಲೇ ಎರಗುವಂಥದು. ಗ್ಲೋರಿಯಾಳ ಅಮ್ಮನಿಗೂ ಅದೇ ಭಯ. ರಾಬಿಯನ್ನು ಮನೆಯಿಂದ ಕಳಿಸಿಬಿಡುತ್ತಾಳೆ. ಕೊನೆಗೊಮ್ಮೆ ಕಾರ್ಖಾನೆಯಲ್ಲಿ ಅವನನ್ನು ಕಂಡು ಓಡಿದ ಮಗು ಇನ್ನೇನು ಟ್ರ್ಯಾಕ್ಟರಿಗೆ ಸಿಕ್ಕಬೇಕು, ಅಷ್ಟರಲ್ಲಿ ಎತ್ತಿಕೊಂಡವನು ರಾಬಿಯೇ.

ರೋಬಾಟ್ ಮನುಷ್ಯರಿಗೆ ಕೇಡು ಮಾಡಬಾರದು, ಕೇಡಾಗುವಾಗ ಸುಮ್ಮನಿರಲೂಬಾರದು ಎಂಬ ಅಸಿಮೊವ್‌ರ ಹೆಸರಾಂತ ನಿಯಮ ಅಚ್ಚಿಗೆ ಬಂದದ್ದು 1942ರಲ್ಲಿ. ರಾಬಿ ಎರಡು ವರ್ಷ ಮೊದಲೇ ಅದನ್ನು ಪಾಲಿಸಿದ್ದ!

1976ರ 'ದಿ ಬೈಸೆಂಟೆನಿಯಲ್ ಮ್ಯಾನ್' ಕಥೆಯಲ್ಲಿ ಮತ್ತೆ ಒಬ್ಬಳು ಪುಟ್ಟಿ, ಮನೆಗೊಂದು ರೋಬಾಟ್. ಈ ಆಂಡ್ರ್ಯೂ ಮಾತನಾಡುತ್ತಾನೆ, ಅವಳಿಗೆ ಮರದ ಪದಕ ಕೆತ್ತಿಕೊಡುತ್ತಾನೆ, ಮನುಷ್ಯನೆನಿಸಿಕೊಳ್ಳಲು ಸಾವನ್ನೂ ಒಪ್ಪುತ್ತಾನೆ. ನನಗೇನೋ ಮಾತು ಬಾರದ ರಾಬಿಯೇ ಹೆಚ್ಚು ಇಷ್ಟ. ಆದರೂ ಆಂಡ್ರ್ಯೂ ಕಣ್ಣು ಮುಚ್ಚುವ ಗಳಿಗೆಯಲ್ಲಿ ಪಿಸುಗುಟ್ಟಿದ್ದು ಏನು ಗೊತ್ತೇ? ಎಂದೋ ತೀರಿಹೋಗಿದ್ದ ಆ ಪುಟ್ಟಿಯನ್ನು ತಾನು ಕರೆಯುತ್ತಿದ್ದ ಹೆಸರು.