ಫ್ರೇಮಿನ ಬೆನ್ನು

ಊರಿನ ಮನೆ ಗೋಡೆ ಮೇಲಿರೋ ಹಳೇ ಫೋಟೋ ಒಂದನ್ನ ಕೆಳಗಿಳಿಸಿ, ತಿರುಗಿಸಿ ನೋಡಿದ್ದೀರಾ? ಹಿಂದೆ ಸಾಮಾನ್ಯವಾಗಿ ಕಾಣೋದು ತುಕ್ಕು ಹಿಡಿದ ಸಣ್ಣ ಮೊಳೆಗಳು, ತೇವಕ್ಕೆ ಉಬ್ಬಿದ ರಟ್ಟು, ಅದರೊಳಗೆ ಮಡಚಿಟ್ಟ ಯಾವುದೋ ಕಾಲದ ನ್ಯೂಸ್‌ಪೇಪರ್. ಮುಂದೆ ಮಾತ್ರ ಚಿನ್ನದ ಬಣ್ಣದ ಅಂಚು ಮಿಂಚುತ್ತಿರುತ್ತೆ. ನಾವು ಫ್ರೇಮ್ ಆರಿಸುವಾಗ ನೋಡೋದು ಆ ಅಂಚನ್ನ. ಫೋಟೋ ಉಳಿಯುತ್ತೋ ಹಾಳಾಗುತ್ತೋ ಅನ್ನೋದು ತೀರ್ಮಾನವಾಗೋದು ಬಹುಮಟ್ಟಿಗೆ ಹಿಂದುಗಡೆ.

ನಾನು ವಾರಕ್ಕೆ ಐದು ದಿನ ಲ್ಯಾಪ್‌ಟಾಪ್ ಮುಂದೆ ಕೂರೋಳು. ಶನಿವಾರ, ಭಾನುವಾರ ನಮ್ಮ ಬಾಡಿಗೆ ಮನೆಯ ಯುಟಿಲಿಟಿಯಲ್ಲಿ, ವಾಷಿಂಗ್ ಮಷೀನ್ ಪಕ್ಕ, ಮರದ ಫ್ರೇಮ್ ಮಾಡ್ತೀನಿ. ಒಂದು ಗಟ್ಟಿ ಹಲಗೆ, ಸಣ್ಣ ಹಲ್ಲಿನ ಕೈಗರಗಸ, ಮೈಟರ್ ಬಾಕ್ಸ್, ತೋಪಡ, ಎರಡು ಉಳಿ, ಮರದ ಗೋಂದು. ಇಷ್ಟೇ ನನ್ನ ಕಾರ್ಖಾನೆ. ಕರೆಂಟಿನ ಗರಗಸ ಇಟ್ಟುಕೊಂಡಿಲ್ಲ. ಕೆಳಗಿನ ಮನೆ ಆಂಟಿ ಮಧ್ಯಾಹ್ನ ಮಲಗಬೇಕಲ್ಲ.

ಹೋದ ಮಳೆಗಾಲದಲ್ಲಿ ನಮ್ಮ ಟೀಮಿನ ಹುಡುಗನೊಬ್ಬ ಟವೆಲ್‌ನಲ್ಲಿ ಸುತ್ತಿಕೊಂಡು ಎರಡು ವಸ್ತು ತಂದ. ತೀರ್ಥಹಳ್ಳಿ ಕಡೆಯವನು. ಒಂದು, ಅವನ ಅಜ್ಜಿಯ ಕಪ್ಪು ಬಿಳುಪು ಫೋಟೋ, ಮಡಿಲಲ್ಲಿ ಒಂದು ಮಗು. ಇನ್ನೊಂದು, ಅವರ ಹಳೇ ಮನೆ ಕೆಡವಿದಾಗ ಎತ್ತಿಟ್ಟಿದ್ದ ಕಿಟಕಿಯ ಹಲಸಿನ ಮರ.

"ಅಕ್ಕಾ, ಇದೇ ಮರದಲ್ಲಿ ಫ್ರೇಮ್ ಮಾಡ್ಕೊಡ್ತೀರಾ? ಅಜ್ಜಿದು ಅಂತ ಇರೋದು ಇದೊಂದೇ ಫೋಟೋ."

ಮರದ್ದೇನೂ ತೊಂದರೆ ಇರಲಿಲ್ಲ. ಹಳೇ ಕಿಟಕಿ, ಬಾಗಿಲಿನ ಮರ ಚೆನ್ನಾಗಿ ಒಣಗಿ ಪಳಗಿರುತ್ತೆ. ಹಸಿ ಮರದ ಹಾಗೆ ಆಮೇಲೆ ಕುಗ್ಗಿ ಮೂಲೆ ಬಿಟ್ಟುಕೊಳ್ಳೋದು ಕಡಿಮೆ. ಗರಗಸ ಇಡೋ ಮುಂಚೆ ಒಂದು ಅಯಸ್ಕಾಂತ ಹಿಡಿದು ಮೈಯೆಲ್ಲಾ ಸವರಿದರೆ ಮುರಿದು ಒಳಗೇ ಉಳಿದಿರೋ ಮೊಳೆ ಗೊತ್ತಾಗುತ್ತೆ. ಹಳೇ ಆಯಿಲ್ ಪೇಂಟಿನಲ್ಲಿ ಸೀಸ ಇರಬಹುದು. ಅದಕ್ಕೇ ಒಣಗಿದ್ದನ್ನ ಹಾಗೇ ಉಜ್ಜಿ ಪುಡಿ ಎಬ್ಬಿಸಬಾರದು. ಒದ್ದೆ ಮಾಡಿ, ಮಾಸ್ಕ್ ಹಾಕಿಕೊಂಡು ಕೆರೆದು ತೆಗೀಬೇಕು, ಮಕ್ಕಳಿರೋ ಮನೆಯಲ್ಲಂತೂ ಇನ್ನೂ ಹುಷಾರು.

ತೊಂದರೆ ಇದ್ದದ್ದು ಫೋಟೋದಲ್ಲಿ. ಮೇಲಿನ ಬಲಮೂಲೆ, ಸುಮಾರು ಮೂರು ಬೆರಳಗಲ, ಗಾಜಿಗೆ ಕಚ್ಚಿಕೊಂಡಿತ್ತು. ಹಳೇ ಫೋಟೋ ಪೇಪರಿನ ಮೇಲೆ ಚಿತ್ರ ನಿಂತಿರೋದು ಜೆಲಟಿನ್ ಅನ್ನೋ ತೆಳು ಪದರದಲ್ಲಿ. ತೇವ ಸಿಕ್ಕರೆ ಅದು ಮೆತ್ತಗಾಗುತ್ತೆ, ಗಾಜು ತಾಗಿಕೊಂಡೇ ಇದ್ದರೆ ಒಣಗುವಾಗ ಅಂಟಿಕೊಳ್ಳುತ್ತೆ. ಮಲೆನಾಡಿನ ಮಳೆ ಸಾಲದು ಅಂತ ನಾವು ವರ್ಷ ವರ್ಷ ಹಸಿ ಹೂವಿನ ಹಾರ ಬೇರೆ ಹಾಕ್ತೀವಿ. ಅದರ ನೀರು ಮೇಲಿನ ಅಂಚಿನಿಂದ ಒಳಗಿಳಿಯುತ್ತೆ.

ಹುಡುಗನ ಅಮ್ಮ ಫೋನಿನಲ್ಲಿ ಹೇಳಿದ್ರು, "ಗಾಜು ಹೋದ್ರೆ ಹೋಗ್ಲಿ ಮಾರಾಯ್ತಿ, ಫೋಟೋ ಬಿಡಿಸ್ಕೊಂಡು ಹೊಸ ಗಾಜು ಹಾಕಿಬಿಡು."

ಎಲ್ಲರಿಗೂ ಮೊದಲು ಹೊಳೆಯೋದು ಅದೇ. ಆದರೆ ಎಳೆದರೆ ಪೇಪರ್ ಮಾತ್ರ ಕೈಗೆ ಬಂದು ಚಿತ್ರ ಗಾಜಿನ ಮೇಲೆ ಉಳಿಯೋ ಅಪಾಯ ಇದೆ. ಆ ಮೂಲೆಯಿಂದ ಒಂದು ಇಂಚು ಕೆಳಗೆ ಅಜ್ಜಿಯ ಹಣೆ. ನಾನು ಹೇಳಿದೆ, "ಅಮ್ಮಾ, ಬಿಡಿಸೋದು ಬೇಡ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸ್ತೀವಿ, ಆ ಗಾಜಿಗೇ ಹೊಸ ಫ್ರೇಮ್ ಮಾಡ್ತೀನಿ."

1894ರಲ್ಲಿ ಮುಂಬೈಯಲ್ಲಿ ರವಿವರ್ಮ ಪ್ರೆಸ್ ಶುರುವಾದ ಮೇಲೆ ಲಕ್ಷ್ಮಿ, ಸರಸ್ವತಿಯರ ಅಚ್ಚಿನ ಚಿತ್ರಗಳು ಫ್ರೇಮ್ ಹಾಕಿಸಿಕೊಂಡು ಮನೆಮನೆಯ ಗೋಡೆ ಹತ್ತಿದವು. ಅಂಥ ಚಿತ್ರ ಹಾಳಾದರೆ ಇನ್ನೊಂದು ತರಬಹುದು. ಅಜ್ಜಿ ಫೋಟೋ ಹಾಗಲ್ಲ. ದೇವರ ಪಟಕ್ಕೆ ಸಾಕಾಗೋ ಕಟ್ಟು ಅವಳಿಗೆ ಸಾಲದು.

ಈಗ ಫ್ರೇಮಿನ ಲೆಕ್ಕಕ್ಕೆ ಬರೋಣ. ಅಗಲದ ಪಟ್ಟಿಯ ಹಿಂದೆ ಸ್ವಲ್ಪ ಕಮ್ಮಿ ಅಗಲದ ಪಟ್ಟಿ ಅಂಟಿಸಿದರೆ ಗಾಜು ಕೂರೋಕೆ ಬೇಕಾದ ಮೆಟ್ಟಿಲು ತಾನಾಗಿ ಸಿಗುತ್ತೆ. ಅದಕ್ಕೆ ಬೇರೆ ಮಷೀನ್ ಬೇಡ. ಗಾಜಿನ ಉದ್ದ 12 ಇಂಚು, ಪಟ್ಟಿಯ ಅಗಲ ಒಂದೂವರೆ ಇಂಚು, ಮೆಟ್ಟಿಲು ಕಾಲು ಇಂಚು ಅಂದುಕೊಳ್ಳಿ. ಹೊರಗಿನ ಉದ್ದ 12ಕ್ಕೆ ಎರಡೂ ಕಡೆಯ ಒಂದೂಕಾಲು ಇಂಚು ಸೇರಿಸಿ ಹದಿನಾಲ್ಕೂವರೆ. ಮೇಲೆ ಮೂರು ಮಿಲಿಮೀಟರ್ ಸಡಿಲ ಬಿಡಬೇಕು. ಮಳೆಗಾಲದಲ್ಲಿ ಮರ ಉಬ್ಬುತ್ತೆ, ಬೇಸಿಗೆಯಲ್ಲಿ ಕುಗ್ಗುತ್ತೆ, ಗಾಜು ಬಗ್ಗಲ್ಲ. ಈ ಹಳೇ ಗಾಜು ಕೈಯಲ್ಲಿ ಕೊಯ್ದದ್ದು, ಒಂದು ತುದಿ ಇನ್ನೊಂದಕ್ಕಿಂತ ಎರಡು ಮಿಲಿಮೀಟರ್ ಅಗಲ. ಅಳತೆ ಯಾವಾಗಲೂ ದೊಡ್ಡ ತುದಿಯದ್ದೇ.

ನಾಲ್ಕು ಮೂಲೆಗೆ 45 ಡಿಗ್ರಿಯ ಎಂಟು ಕೊಯ್ತ. ಪ್ರತಿಯೊಂದರಲ್ಲೂ ಒಂದೇ ಕಡೆಗೆ ಅರ್ಧ ಡಿಗ್ರಿ ಜಾರಿದರೂ ಕೊನೆಯ ಮೂಲೆಯಲ್ಲಿ ನಾಲ್ಕು ಡಿಗ್ರಿಯ ಬಾಯಿ ಬಿಟ್ಟಿರುತ್ತೆ. ಎದುರುಬದುರು ಪಟ್ಟಿಗಳು ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದೆ ಸಮ ಇರಬೇಕು. ಕೊಯ್ದ ತುದಿ ಗೋಂದನ್ನ ಕುಡಿದುಬಿಡುತ್ತೆ, ಅದಕ್ಕೇ ಮೊದಲು ತೆಳುವಾಗಿ ಒಂದು ಸಲ ಸವರಿ, ಐದು ನಿಮಿಷ ಬಿಟ್ಟು ಮತ್ತೊಂದು ಸಲ. ಕ್ಲ್ಯಾಂಪ್ ಇಲ್ಲದಿದ್ದರೆ ಗಟ್ಟಿ ನೈಲಾನ್ ಹಗ್ಗ ಸುತ್ತಿ, ಕಡ್ಡಿ ತೂರಿಸಿ ತಿರುಚಿದರೂ ಸಾಕು. ಎರಡೂ ಕರ್ಣ ಒಂದೇ ಅಳತೆ ಬಂದರೆ ಫ್ರೇಮ್ ಚೌಕವಾಗಿದೆ ಅಂತ ಅರ್ಥ. ಒಣಗಿದ ಮೇಲೆ ಮೂಲೆಯಲ್ಲಿ ಗರಗಸದ ಗೀರು ಹಾಕಿ ತೆಳ್ಳಗಿನ ಮರದ ಚೂರು ಕೂರಿಸ್ತೀನಿ. ಮೂಲೆಯನ್ನ ವರ್ಷಗಟ್ಟಲೆ ಹಿಡಿಯೋದು ಅದು.

ಇಷ್ಟಾದ ಮೇಲೆ ಬೆನ್ನು. ಸಾಧಾರಣ ರಟ್ಟು, ನ್ಯೂಸ್‌ಪೇಪರ್‌ಗಳಲ್ಲಿ ಇರೋ ಆಮ್ಲ ಫೋಟೋವನ್ನ ನಿಧಾನವಾಗಿ ಹಳದಿ, ಕಂದು ಮಾಡುತ್ತೆ. ಹಾಗಾಗಿ ಫೋಟೋಗೆ ತಾಗೋದು ಆಸಿಡ್ ಫ್ರೀ ಬೋರ್ಡೇ ಆಗಿರಬೇಕು. ಫೋಟೋ ಗಾಜಿಗೆ ಅಂಟಿಲ್ಲದಿದ್ದರೆ ನಡುವೆ ಕಿಟಕಿಯ ಹಾಗೆ ಕೊಯ್ದ ಮೌಂಟ್ ಬೋರ್ಡ್ ಇಡಿ. ಅದರ ದಪ್ಪ ಒಂದೂವರೆ ಮಿಲಿಮೀಟರ್ ಆಸುಪಾಸು ಅಷ್ಟೇ, ಆದರೆ ಫೋಟೋ ಗಾಜಿಗೆ ಕಚ್ಚದ ಹಾಗೆ ಕಾಯೋದು ಆ ಸಂದೇ. ಸೆಲ್ಲೋಟೇಪ್, ಗೋಂದು ಬೇಡವೇ ಬೇಡ. ಪೇಪರಿನ ಫೋಟೋ ಕಾರ್ನರ್ ಸಾಕು. ಹಿಂದುಗಡೆ ಸುತ್ತಲೂ ಪೇಪರ್ ಟೇಪ್ ಅಂಟಿಸಿದರೆ ಹುಳ, ಧೂಳು ಒಳಗೆ ಹೋಗೋದು ತಪ್ಪುತ್ತೆ. ಕೆಳಗಿನ ಎರಡು ಮೂಲೆಗೆ ರಬ್ಬರ್ ಬಿಲ್ಲೆ ಅಂಟಿಸಿದರೆ ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡುತ್ತೆ. ಮಳೆ ಹೊಡೆಯೋ ಹೊರಗೋಡೆ, ನೇರ ಬಿಸಿಲು ಬೀಳೋ ಜಾಗ ಎರಡೂ ಬೇಡ. ಹಾರ ಹಾಕಲೇಬೇಕು ಅನ್ನಿಸಿದರೆ ಗಂಧದ ಹಾರ ಹಾಕಿ.

ಮುಚ್ಚೋ ಮುಂಚೆ ಇನ್ನೊಂದು ಕೆಲಸ ಇರುತ್ತೆ. ಹಿಂದಿನ ಬೋರ್ಡಿನ ಮೇಲೆ ಫೋಟೋದಲ್ಲಿ ಯಾರು, ಎಲ್ಲಿ, ಸುಮಾರು ಯಾವ ವರ್ಷ ಅಂತ ಪೆನ್ಸಿಲ್‌ನಲ್ಲಿ ಬರೀತೀನಿ. ಹುಡುಗನ್ನ ಕೇಳಿದೆ, "ಮಡಿಲಲ್ಲಿರೋದು ನಿಮ್ಮಮ್ಮ ತಾನೆ?"

"ಹೌದಕ್ಕ, ಇನ್ಯಾರು?"

ಯಾವುದಕ್ಕೂ ಇರಲಿ ಅಂತ ಅಮ್ಮನಿಗೇ ವಿಡಿಯೋ ಕಾಲ್ ಮಾಡಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅದು ನಾನಲ್ಲ. ನನ್ನ ಅಕ್ಕ. ನಾನು ಹುಟ್ಟೋಕೆ ಮುಂಚೇನೇ ಹೋಗಿಬಿಟ್ಲಂತೆ, ಎರಡು ವರ್ಷ ತುಂಬಿರಲಿಲ್ಲ," ಅಂದರು. ಅವನಿಗೆ ಒಬ್ಬ ದೊಡ್ಡಮ್ಮ ಇದ್ದಳು ಅನ್ನೋದು ಇಪ್ಪತ್ತಾರು ವರ್ಷಕ್ಕೆ ಗೊತ್ತಾಯ್ತು. ಹೆಸರು ಕೇಳಿದೆ, ಹೇಳಿದರು. ಎರಡು ಹೆಸರನ್ನೂ ಬರೆದು ಟೇಪ್ ಅಂಟಿಸಿದೆ.

ಫ್ರೇಮ್ ಮಾಡೋದು ಕಲೀಬೇಕು ಅಂತೇನಿಲ್ಲ, ಅಂಗಡಿಯಲ್ಲಿ ಮಾಡಿಸಿದರೂ ಆಯ್ತು. ಆದರೆ ಅಂಚಿನ ಡಿಸೈನ್ ಆರಿಸೋಕೆ ಮುಂಚೆ ಎರಡು ಪ್ರಶ್ನೆ ಕೇಳಿ: ಫೋಟೋ ಹಿಂದೆ ಏನು ಇಡ್ತೀರಾ? ಗಾಜಿಗೂ ಫೋಟೋಗೂ ನಡುವೆ ಜಾಗ ಬಿಡ್ತೀರಾ? ಮೂರನೇ ಪ್ರಶ್ನೆ ಮನೆಯವರಿಗೆ. ಗೋಡೆ ಮೇಲಿರೋ ಅಷ್ಟೂ ಮುಖಗಳ ಹೆಸರು ಹೇಳಬಲ್ಲವರು ಈಗ ಮನೆಯಲ್ಲಿ ಬಹುಶಃ ಒಬ್ಬರೇ ಇರ್ತಾರೆ. ಈ ಸಲ ಊರಿಗೆ ಹೋದಾಗ ಪೆನ್ಸಿಲ್ ಹಿಡಿದು ಅವರ ಪಕ್ಕ ಕೂತುಕೊಳ್ಳಿ.