ಹೋಂ ನರ್ಸ್ ಬಂದ ಮೇಲೆ ನೋಡುವವರು ಯಾರು?

ಪುತ್ತೂರು, ಸುಳ್ಯ, ಕಡಬದ ಕಡೆ ‘ನರ್ಸಿಂಗ್ ಹೋಂ’ ಎಂದರೆ ಸಣ್ಣ ಖಾಸಗಿ ಆಸ್ಪತ್ರೆ. ಹಾಸಿಗೆ ಹಿಡಿದ ಹಿರಿಯರನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಕೆಲಸ ನಡೆಯುವುದು ಅಲ್ಲಿ ಅಲ್ಲ. ಕೆಲವರ ಪಾಲಿಗೆ ವೃದ್ಧಾಶ್ರಮ. ಹೆಚ್ಚಿನವರಿಗೆ ಅಡಿಕೆ ತೋಟದ ನಡುವಿನ ತಮ್ಮದೇ ಮನೆ. ಮಗ ಬೆಂಗಳೂರಿನಲ್ಲಿ, ಮಗಳು ಗಲ್ಫಿನಲ್ಲಿ. ಅಜ್ಜಿ ಅಂಗಳದಲ್ಲಿ ಜಾರಿ ಸೊಂಟ ಮುರಿದುಕೊಂಡ ದಿನವೇ ಏಜೆನ್ಸಿಗೆ ಫೋನ್ ಹೋಗುತ್ತದೆ. ಎರಡು ದಿನದಲ್ಲಿ ಬಟ್ಟೆಯ ಬ್ಯಾಗ್ ಹಿಡಿದುಕೊಂಡು ಹೋಂ ನರ್ಸ್ ಬರುತ್ತಾರೆ. ನರ್ಸ್ ಎಂಬುದು ಕರೆಯುವ ಹೆಸರು ಅಷ್ಟೆ, ನರ್ಸಿಂಗ್ ಕಲಿತಿರಬೇಕೆಂದೇನೂ ಇಲ್ಲ.

ಅಲ್ಲಿಂದ ಮುಂದೆ ಆ ಕೋಣೆಯೊಳಗೆ ಏನಾಗುತ್ತದೆ ಎಂದು ತಿಳಿಯುವ ದಾರಿ ನಮ್ಮಲ್ಲಿಲ್ಲ. ಬಯಲುಸೀಮೆಯ ಊರಿನಂತೆ ಗೋಡೆಗೆ ಗೋಡೆ ತಾಗಿದ ಮನೆಗಳಲ್ಲ ಇವು. ಗೇಟಿನಿಂದ ಅಂಗಳಕ್ಕೇ ಒಂದು ನಡಿಗೆ, ಅಲ್ಲಿಂದ ಪಕ್ಕದ ಮನೆಗೆ ಇನ್ನೊಂದು ಗುಡ್ಡೆ. ಮಳೆಗಾಲದಲ್ಲಿ ಕೂಗಿದರೂ ಕೇಳಿಸದು. ಮಗ ದಿನಾ ವಿಡಿಯೊ ಕಾಲ್ ಮಾಡುತ್ತಾನೆ, ನಿಜ. ಆದರೆ ‘ಹೇಗಿದ್ದೀ ಅಮ್ಮ’ ಎಂದು ಅವನು ಕೇಳುವಾಗ ಮೊಬೈಲ್ ಹಿಡಿದು ನಿಂತಿರುವುದು ಅದೇ ಹೋಂ ನರ್ಸ್. ಅಮ್ಮ ಏನು ಹೇಳಬೇಕು?

ಹೊಡೆತವನ್ನಷ್ಟೇ ಹಿಂಸೆ ಎಂದುಕೊಂಡರೆ ಮುಕ್ಕಾಲು ಪಾಲು ಕಣ್ಣಿಗೆ ಬೀಳುವುದಿಲ್ಲ. ರಾತ್ರಿ ಎಬ್ಬಿಸದಿರಲಿ ಎಂದು ಒಂದು ಮಾತ್ರೆ ಹೆಚ್ಚು ಕೊಡುವುದು, ಪದೇ ಪದೇ ಮೂತ್ರಕ್ಕೆ ಕೇಳುತ್ತಾರೆಂದು ನೀರು ಕಡಿಮೆ ಮಾಡುವುದು, ಒದ್ದೆ ಡೈಪರ್ ಬೆಳಗಿನವರೆಗೆ ಬಿಡುವುದು, ಮಗ್ಗುಲು ಬದಲಿಸದೆ ಬೆನ್ನಲ್ಲಿ ಹುಣ್ಣಾಗಲು ಬಿಡುವುದು ಎಲ್ಲವೂ ಹಿಂಸೆಯೇ. ಮರೆವಿನ ಕಾಯಿಲೆ ಇದ್ದರಂತೂ ಮುಗಿಯಿತು. ನೆನಪು ಕರಗಿದಂತೆ ಕಲಿತ ಭಾಷೆ ಮೊದಲು ಹೋಗಿ, ಹುಟ್ಟುಭಾಷೆ ಉಳಿಯುವುದುಂಟು. ಅಜ್ಜಿ ತುಳುವಿನಲ್ಲೋ ಅರೆಭಾಷೆಯಲ್ಲೋ ಹವ್ಯಕದಲ್ಲೋ ಗೋಗರೆಯುತ್ತಾರೆ. ದೂರದ ಜಿಲ್ಲೆಯಿಂದ ಬಂದ ಹೆಂಗಸಿಗೆ ಅದು ಬರೀ ಗಲಾಟೆ.

ಆರೈಕೆ ಕೇಂದ್ರಗಳ ಸಿಬ್ಬಂದಿಯಲ್ಲಿ ಮೂವರಲ್ಲಿ ಇಬ್ಬರು, ಹಿಂದಿನ ಒಂದು ವರ್ಷದಲ್ಲಿ ಹಿರಿಯರನ್ನು ಒಂದಲ್ಲ ಒಂದು ಬಗೆಯಲ್ಲಿ ಪೀಡಿಸಿದ್ದಾಗಿ ಒಪ್ಪಿಕೊಂಡಿದ್ದಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗಮನಿಸಿ, ಇದು ದೂರುಗಳ ಲೆಕ್ಕವಲ್ಲ, ಕೆಲಸದವರ ಬಾಯಿಂದಲೇ ಬಂದದ್ದು. ಮೂವರಲ್ಲಿ ಇಬ್ಬರೂ ರಾಕ್ಷಸರಾಗಿರಲು ಸಾಧ್ಯವಿಲ್ಲ. ಇಪ್ಪತ್ತನಾಲ್ಕು ತಾಸು ಒಬ್ಬರೇ ನೋಡಿಕೊಳ್ಳಬೇಕು, ವಾರದ ರಜೆ ಇಲ್ಲ, ಬರುವ ಸಂಬಳದಲ್ಲಿ ಏಜೆನ್ಸಿಯ ಕಮಿಷನ್ ಹೋಗಬೇಕು, ಮಲಗಲು ರೋಗಿಯ ಮಂಚದ ಬುಡವೇ ಗತಿ ಎಂದಾದಾಗ ಎಂಥವರ ತಾಳ್ಮೆಯೂ ಒಂದು ರಾತ್ರಿ ಕಡಿಯುತ್ತದೆ. ಹಾಗೆ ದುಡಿಸಿಕೊಂಡ ಮನೆಯವರೂ ಇದರಲ್ಲಿ ಪಾಲುದಾರರು.

ಕಾನೂನು ಏನೆನ್ನುತ್ತದೆ? 2007ರ ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ ಅಡಿ ಪುತ್ತೂರಿನಲ್ಲಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ಇದೆ. ಮಗ ಅನ್ನ ಹಾಕದಿದ್ದರೆ, ಆಸ್ತಿ ಬರೆಸಿಕೊಂಡು ಹೊರಹಾಕಿದರೆ ಅಲ್ಲಿ ಅರ್ಜಿ ಕೊಡಬಹುದು. ಆ ಕಾಯ್ದೆಯ ಕಣ್ಣು ನೆಟ್ಟಿರುವುದು ಮಕ್ಕಳು, ಸಂಬಂಧಿಕರ ಮೇಲೆ. ಸಂಬಳಕ್ಕೆ ನೋಡಿಕೊಳ್ಳುವವರ ನೋಂದಣಿ, ತರಬೇತಿ, ತಪಾಸಣೆಯ ಮಾತು ಅದರಲ್ಲಿಲ್ಲ. ಇದನ್ನು ಸರಿಪಡಿಸಲು 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ತಿದ್ದುಪಡಿ ಮಸೂದೆ ಮಂಡನೆಯಾಯಿತು. ಆರೈಕೆ ಕೇಂದ್ರಗಳಿಗೂ ಮನೆಗೆ ಆರೈಕೆದಾರರನ್ನು ಕಳಿಸುವ ಸಂಸ್ಥೆಗಳಿಗೂ ನೋಂದಣಿ ಅದರಲ್ಲಿತ್ತು. ಸ್ಥಾಯಿ ಸಮಿತಿಗೆ ಹೋಯಿತು, ಕಾದಿತು, 2024ರಲ್ಲಿ ಲೋಕಸಭೆಯೊಂದಿಗೆ ಅದೂ ಮುಗಿಯಿತು.

ಮಕ್ಕಳ ವಿಷಯದಲ್ಲಿ ಹೀಗಿಲ್ಲ. 2015ರ ಬಾಲನ್ಯಾಯ ಕಾಯ್ದೆಯಂತೆ ನೋಂದಣಿಯಿಲ್ಲದೆ ಮಕ್ಕಳ ಪಾಲನಾ ಸಂಸ್ಥೆ ನಡೆಸಿದರೆ ಒಂದು ವರ್ಷದವರೆಗೆ ಜೈಲು ಅಥವಾ ಕನಿಷ್ಠ 1 ಲಕ್ಷ ರೂಪಾಯಿ ದಂಡ. ತಪಾಸಣಾ ಸಮಿತಿ ಬಂದು ನೋಡಲೇಬೇಕು. ಏಳು ವರ್ಷದ ಮಗುವಿಗಿಂತ ಎಂಬತ್ತೇಳರ ಅಜ್ಜನ ಅಸಹಾಯಕತೆ ಕಡಿಮೆಯೇನು?

ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ಭಾರತೀಯ ನ್ಯಾಯ ಸಂಹಿತೆಯ 357ನೇ ಕಲಂ ಹೆಚ್ಚಿನವರ ಕಿವಿಗೆ ಬಿದ್ದಿಲ್ಲ. ಕರಾರಿನಂತೆ ಅಸಹಾಯಕರನ್ನು ನೋಡಿಕೊಳ್ಳಬೇಕಾದವರು ಬೇಕೆಂದೇ ಅದನ್ನು ತಪ್ಪಿಸಿದರೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 1860ರ ದಂಡ ಸಂಹಿತೆಯಲ್ಲೂ ಇದಿತ್ತು, ದಂಡ ಮಾತ್ರ 200 ರೂಪಾಯಿ. ಆದರೆ ಕರಾರು ಎಲ್ಲಿದೆ? ಏಜೆನ್ಸಿಯವರು ಬರೆದುಕೊಡುವುದು ಸಂಬಳದ ಚೀಟಿ. ಎಷ್ಟು ಹೊತ್ತಿಗೊಮ್ಮೆ ಮಗ್ಗುಲು ಬದಲಿಸಬೇಕು, ಯಾವ ಮಾತ್ರೆ ಎಷ್ಟು, ರಜೆ ಯಾವಾಗ ಎಂದು ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿದರೆ ಈ ಕಲಮಿಗೆ ಜೀವ ಬರುತ್ತದೆ, ಕೆಲಸದವಳ ರಜೆಗೂ ದಾಖಲೆ ಸಿಗುತ್ತದೆ.

ಸಿಸಿಟಿವಿ ಹಾಕಿಸಿ ಎನ್ನುವವರಿದ್ದಾರೆ. 2024ರ ಮಾರ್ಚ್‌ನಲ್ಲಿ ಮಂಗಳೂರಿನ ಮನೆಯೊಂದರಲ್ಲಿ ವೃದ್ಧರಿಗೆ ಊರುಗೋಲಿನಿಂದ ಹೊಡೆದದ್ದು ಬಯಲಾದದ್ದು ಕ್ಯಾಮೆರಾದಿಂದಲೇ. ಆರೋಪ ಇದ್ದದ್ದು ಸಂಬಳದವರ ಮೇಲಲ್ಲ, ಮನೆಯವರ ಮೇಲೆ. ಕ್ಯಾಮೆರಾ ಬೇಡವೆನ್ನಲಾರೆ. ಆದರೆ ಮೈ ತೊಳೆಸಿಕೊಳ್ಳುವ ಅಜ್ಜಿಯನ್ನು ಮಗನ ಮೊಬೈಲಿನಲ್ಲಿ ತೋರಿಸುವುದೂ ಅವಮಾನವೇ. ಅದಕ್ಕಿಂತ ಹೊರಗಿನ ಒಬ್ಬ ಮನುಷ್ಯ ಆಗಾಗ ಬಂದು ಹೋಗುವುದು ವಾಸಿ.

ಇದು ಕನಸಿನ ಮಾತಲ್ಲ. ಜಾಲ್ಸೂರು ದಾಟಿ ಕಾಸರಗೋಡಿನ ರಸ್ತೆ ಹಿಡಿದರೆ ಸಾಕು. ಕೇರಳ 2008ರಲ್ಲೇ ಉಪಶಾಮಕ ಆರೈಕೆ ನೀತಿ ತಂದಿತು. ಹಾಸಿಗೆ ಹಿಡಿದವರ ಮನೆಗೆ ಪಂಚಾಯಿತಿಯ ನೆರವಿನಿಂದ ನರ್ಸ್ ಹೋಗುತ್ತಾರೆ. ಹುಣ್ಣು ತೊಳೆಯುವ ಆ ಕೈಗೆ ಹುಣ್ಣು ಹೇಗಾಯಿತೆಂದೂ ಗೊತ್ತಾಗುತ್ತದೆ. ನಮ್ಮಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ, ಅವರ ಮೇಲೆ ಪುಕ್ಕಟೆಯಾಗಿ ಇನ್ನೊಂದು ಹೊರೆ ಹೇರದೆ ಪ್ರತಿ ಭೇಟಿಗೆ ಹಣ ಕೊಟ್ಟು ಇದನ್ನು ಮಾಡಿಸಬಹುದು. ಒಂಟಿ ಹಿರಿಯರ ಪಟ್ಟಿ ಠಾಣೆಯಲ್ಲಿರಬೇಕು, ತಿಂಗಳಿಗೊಮ್ಮೆಯಾದರೂ ಹೋಗಿ ನೋಡಬೇಕು ಎಂದು 2007ರ ಕಾಯ್ದೆಗೆ ಕೇಂದ್ರ ರೂಪಿಸಿದ ಮಾದರಿ ನಿಯಮಗಳೇ ಹೇಳುತ್ತವೆ. ಉಪ್ಪಿನಂಗಡಿ, ಬೆಳ್ಳಾರೆ, ಸುಬ್ರಹ್ಮಣ್ಯ, ಕಡಬ ಠಾಣೆಗಳ ಪಟ್ಟಿಯನ್ನು ಪುತ್ತೂರಿನ ಉಪವಿಭಾಗಾಧಿಕಾರಿ ತರಿಸಿ ನೋಡಲಿ. ಮೂರೂ ತಾಲ್ಲೂಕಿನ ಏಜೆನ್ಸಿಗಳನ್ನೂ ಆಶ್ರಮಗಳನ್ನೂ ಒಂದೇ ಪುಸ್ತಕದಲ್ಲಿ ಬರೆಸಲು ಹೊಸ ಕಾಯ್ದೆ ಬರುವವರೆಗೆ ಕಾಯಬೇಕಿಲ್ಲ.

ಊರ ಹೊರಗಿರುವ ಮಕ್ಕಳಿಗೆ ಒಂದು ಮಾತು. ಮುಂದಿನ ಸಲ ಹೇಳದೆ ಬನ್ನಿ. ಹೋಂ ನರ್ಸ್‌ಗೆ ಎರಡು ದಿನ ರಜೆ, ಬಸ್ಸಿನ ಹಣ ಕೊಟ್ಟು ಕಳಿಸಿ. ಅಮ್ಮನ ಬೆನ್ನು, ಹಿಮ್ಮಡಿ ನೀವೇ ನೋಡಿ. ಹಿರಿಯರ ಸಹಾಯವಾಣಿಯ ಸಂಖ್ಯೆ 14567. ಅದನ್ನು ಅಮ್ಮನ ಮಂಚದ ಬಳಿಯ ಗೋಡೆಗಿಂತ ಮೊದಲು ಪಕ್ಕದ ಮನೆಯವರಿಗೆ ಬರೆದುಕೊಡಿ.